ಐದನೇ ಬಾವಿಯ ಅಂಕಿ ನಿಂತ ಹನ್ನೆರಡು ದಿನ

ಮೇ ತಿಂಗಳಲ್ಲಿ, ಹೊಲಗಳೆಲ್ಲ ಬೋಳಾಗಿದ್ದಾಗ, ನಾನು ಕಂಬ ನೆಡಿಸಿದೆ. ತಪ್ಪು ಅಲ್ಲಿಂದಲೇ ಶುರುವಾಯಿತು. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕಂಬದ ಅಳತೆ ಯಾರಿಗಾದರೂ ತಪ್ಪೀತು. ಅನುಮಾನ ಬಂದ ಮೇಲೂ ಸಹಿ ಹಾಕಿದೆನಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಊರು ಚಿತ್ತಾಪುರಕ್ಕೂ ಸೇಡಂಗೂ ನಡುವೆ, ರೈಲು ಹಳಿಯಿಂದ ಸ್ವಲ್ಪ ಒಳಗೆ. ಊರ ಮಗ್ಗುಲಿಗೆ ಸುಣ್ಣಕಲ್ಲಿನ ಗಣಿ. ಮಳೆಗಾಲದಲ್ಲಿ ಗಣಿಯ ಗುಂಡಿ ತುಂಬುತ್ತದೆ. ಮಳೆ ನಿಂತ ಮೇಲೆ ಪಂಪು ಹಚ್ಚಿ ಆ ನೀರನ್ನು ಎತ್ತಿ ಹಳ್ಳಕ್ಕೆ ಬಿಡುತ್ತಾರೆ. ಆಗ ನಮ್ಮ ಬಾವಿಗಳೂ ಇಳಿಯುತ್ತವೆ ಎಂಬುದು ಊರವರ ದೂರು. ಬಾವಿ ಇಳಿಯುವುದು ಪ್ರತಿ ವರ್ಷದ ಮಾತು, ನಮಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಗಣಿಯವರ ಉತ್ತರ. ಕೊನೆಗೆ ತಾಲೂಕಿನ ಸಾಹೇಬರು ಇಬ್ಬರನ್ನೂ ಕೂಡಿಸಿ ಒಂದು ದಾರಿ ಮಾಡಿದರು. ಏಳು ಬಾವಿಗಳ ನೀರಿನ ಮಟ್ಟ ಅಳೆಯಬೇಕು, ಅಂಕಿ ಎಲ್ಲರಿಗೂ ಕಾಣುವಂತೆ ಪಂಚಾಯಿತಿಯಲ್ಲಿ ತೋರಿಸಬೇಕು. ಮಳೆ ನಿಂತ ಮೇಲೆ ಯಾವ ಬಾವಿ ಮೂರು ಮೀಟರಿಗಿಂತ ಹೆಚ್ಚು ಇಳಿಯುತ್ತದೋ ಆ ಓಣಿಗೆ ಗಣಿಯವರು ಪೈಪು ಎಳೆದು ಕುಡಿಯುವ ನೀರು ಕೊಡಬೇಕು. ಅಳೆಯುವ ಕೆಲಸ ಕಲಬುರಗಿಯ ನಮ್ಮ ಸಣ್ಣ ಕಂಪನಿಗೆ ಬಂತು, ಅಲ್ಲಿಂದ ನನ್ನ ಪಾಲಿಗೆ.

ನಾನು ಶಹಾಬಾದಿನವಳು. ಅಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ಚಪ್ಪಡಿ ಎಬ್ಬಿಸುತ್ತಿದ್ದ. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದು ಸಹಿ ಹಾಕಿದವಳು ನಾನೇ ಮೊದಲು. ಎಲೆಕ್ಟ್ರಾನಿಕ್ಸ್ ಪದವಿ ಎರಡು ವಿಷಯ ಉಳಿದು, ಮತ್ತೆ ಕಟ್ಟಿ ಪಾಸಾದದ್ದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯೇ. ಮುಂದೆ ಆದದ್ದರಲ್ಲಿ ಆ ಹೆಮ್ಮೆಯ ಪಾಲೂ ಇದೆ.

ಪ್ರತಿ ಬಾವಿಯ ತಳದ ಹತ್ತಿರ ನೀರಿನ ಒತ್ತಡ ಅಳೆಯುವ ಸೆನ್ಸರನ್ನು ವೈರಿನಲ್ಲಿ ಇಳಿಬಿಟ್ಟೆವು. ಮೇಲೆ ಕಟ್ಟೆಯ ಪಕ್ಕ ಐದು ಅಡಿಯ ಕಂಬ. ಅದರ ತುದಿಗೆ ಡಬ್ಬಿ, ಸಣ್ಣ ಸೋಲಾರ್ ಫಲಕ, ಗೇಣುದ್ದದ ಆಂಟೆನಾ. ಹೊಲಗಳ ಕಡೆ ಮೊಬೈಲ್ ಸಿಗ್ನಲ್ ಬಂದು ಬಂದು ಹೋಗುತ್ತಿತ್ತು, ಡಬ್ಬಿಗೊಂದು ಸಿಮ್ ಹಾಕಿ ಪ್ರಯೋಜನವಿಲ್ಲ. ಹಾಗಾಗಿ ಒಂದು ಡಬ್ಬಿ ಪಕ್ಕದ ಡಬ್ಬಿಗೆ ಅಂಕಿ ದಾಟಿಸುವುದು, ಅದು ಮುಂದಿನದಕ್ಕೆ, ಕೊನೆಗೆ ಪಂಚಾಯಿತಿ ಮಾಳಿಗೆಯ ಮೇಲೆ ಎಲ್ಲ ಅಂಕಿ ಕೂಡಿಸಿಕೊಳ್ಳುವ ಗೇಟ್‌ವೇ ಪೆಟ್ಟಿಗೆಗೆ. ಅಲ್ಲಿಂದ ಕೆಳಗಿನ ಕೋಣೆಯ ದೊಡ್ಡ ಟಿವಿಗೆ, ಬಾವಿಗೊಂದು ಚೌಕದಂತೆ. ಅಪ್ಪನಿಗೆ ಹೇಳಿದಾಗ ತಟ್ಟನೆ ತಿಳಿಯಿತು.

"ಖಣಿಯಿಂದ ಪರಸಿ ಮ್ಯಾಲ ತರ್ತೀವಲ್ಲ, ಹಂಗ ಅನ್ನು. ಒಬ್ಬನ ಕೈಯಿಂದ ಒಬ್ಬನ ಕೈಗೆ. ನಡುವ ಒಬ್ಬ ಕೈ ಬಿಟ್ಟನಂದ್ರ ಕಲ್ಲು ಯಾರದಾರ ಕಾಲ ಮ್ಯಾಲೇ."

ನಾನು ನಕ್ಕಿದ್ದೆ.

ಐದನೇ ಬಾವಿ ಎಲ್ಲಕ್ಕಿಂತ ದೂರ. ಅದರ ಅಂಕಿ ಡಬ್ಬಿಯಿಂದ ಡಬ್ಬಿಗೆ ನಾಲ್ಕು ಜಿಗಿತದಲ್ಲಿ ಪಂಚಾಯಿತಿ ಮುಟ್ಟಬೇಕು. ಮೊದಲ ಜಿಗಿತವೇ ಉದ್ದ, ಎರಡು ಹೊಲ ದಾಟಿ. ಬಾವಿ ಒಬ್ಬ ಹೆಣ್ಣುಮಗಳದು. ಊರೆಲ್ಲ ಆಕೆಯನ್ನು ಕಾಕಿ ಎನ್ನುತ್ತಿತ್ತು, ನಾನೂ ಅಂದೆ. ಆಕೆಯ ಬದನೆ ತೋಟಕ್ಕೂ ಹಿಂದಿನ ಓಣಿಯ ಮನೆಗಳ ಕುಡಿಯುವ ಕೊಡಗಳಿಗೂ ಅದೇ ಬಾವಿ. ನನ್ನ ಜೊತೆ ವಾಡಿಯ ಮಿಸ್ತ್ರಿ ಚಾಚಾ ಇದ್ದರು, ವೈರಿಂಗ್ ಕೆಲಸದಲ್ಲಿ ತಲೆ ನೆರೆದವರು. ಅವರು ಕಂಬಕ್ಕೆ ಗುಂಡಿ ತೋಡಿಸುತ್ತಿದ್ದಾಗ ಕಾಕಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಳು.

"ಇದೇನ್ ಮಾಡ್ತದ ತಂಗಿ?"

"ನೀರು ಎಷ್ಟು ಕೆಳಗದ ಅಂತ ಹೇಳ್ತದ ಕಾಕಿ. ಅರ್ಧ ತಾಸಿಗೊಮ್ಮೆ."

"ಅದನ್ನ ನನ್ನ ಹಗ್ಗಾನೂ ಹೇಳ್ತದ. ಅದಕ್ಕ ಬಿಸಲು ಬೇಕಾಗಿಲ್ಲ."

ಚಾಚಾ ಗುಂಡಿಯ ಬದಿಯಿಂದಲೇ ನಕ್ಕರು. ಕಾಕಿಯ ಹಗ್ಗಕ್ಕೆ ಮೊಳಕ್ಕೊಂದು ಗಂಟು. ಕೊಡ ನೀರು ಮುಟ್ಟುವ ತನಕ ಎಷ್ಟು ಗಂಟು ಕೈಯಿಂದ ಜಾರಿದವು ಎಂದು ಎಣಿಸುವುದು ಆಕೆಯ ಅತ್ತೆಯ ಕಾಲದಿಂದ ಬಂದ ರೂಢಿ. ಅವತ್ತು ಇಪ್ಪತ್ತು ಗಂಟು ಎಂದಳು. ನಾನು ಟೇಪು ಹಿಡಿದು ಗಂಟಿನ ಅಂತರ ಅಳೆದೆ: ನಲವತ್ತಾರು ಸೆಂಟಿಮೀಟರ್. ಅಂದರೆ 9.20 ಮೀಟರ್. ನನ್ನ ಸೆನ್ಸರ್ 9.14 ತೋರಿಸುತ್ತಿತ್ತು. ಖುಷಿಯಿಂದ ನೋಟುಬುಕ್ಕಿನಲ್ಲಿ ಬರೆದುಕೊಂಡೆ: "ಹಗ್ಗ 9.20, ಸೆನ್ಸರ್ 9.14, ತಾಳೆಯಾಗಿದೆ."

"ನೀನೂ ಒಮ್ಮೆ ಹಗ್ಗ ಹಿಡದು ನೋಡ ಬಾ ಯವ್ವಾ," ಎಂದಳು.

"ಬ್ಯಾಡ ಕಾಕಿ, ಕೆಲಸ ಭಾಳ ಅದ."

ಹೊರಡುವ ಮುನ್ನ ಚಾಚಾ ಕಂಬ ತಟ್ಟಿ ನೋಡಿ, "ಮೇಡಂ, ಇನ್ನೊಂದು ನಾಲ್ಕಡಿ ಎತ್ತರ ಮಾಡಿದ್ರ ಚಲೋ ಇತ್ತೇನೋ" ಎಂದರು. ಕಂಬದಿಂದ ಮುಂದಿನ ಕಂಬದವರೆಗೆ ಕರಿ ಮಣ್ಣು ಬಿಟ್ಟು ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ ತುಂಬಿ ನಿಂತಿತ್ತು. "ಬೇಕಾಗಿಲ್ಲ ಚಾಚಾ, ಲೆಕ್ಕ ಹಾಕಿದ್ದೀನಿ" ಎಂದೆ.

ಜೂನಿನಲ್ಲಿ ಮೋಡ ಮುಚ್ಚಿ ಒಂದೆರಡು ಡಬ್ಬಿಗಳ ಬ್ಯಾಟರಿ ಸೋತಿತು. ಟಿವಿಯಲ್ಲಿ ಆ ಚೌಕಗಳು ಖಾಲಿ ಕಂಡವು. ಗಣಿಯ ಪರಿಸರ ವಿಭಾಗದ ಅಧಿಕಾರಿ ಫೋನು ಮಾಡಿದರು. ಕೆಟ್ಟ ಮನುಷ್ಯರಲ್ಲ, ಮೇಲಿನವರಿಗೆ ಉತ್ತರ ಹೇಳಬೇಕಾದವರು. "ಮೇಡಂ, ಚೌಕ ಖಾಲಿ ಇದ್ರೆ ಜನ ನಗ್ತಾರೆ. ಏನಾದರೂ ಮಾಡಿ." ನಮ್ಮ ಕಂಪನಿಯ ಯಜಮಾನರೂ ಅದನ್ನೇ ಹೇಳಿದರು. ಅವತ್ತು ಸಂಜೆ ಕುಳಿತು ಪ್ರೋಗ್ರಾಮಿನಲ್ಲಿ ಆರು ಸಾಲು ಬರೆದೆ: ಹೊಸ ಅಂಕಿ ಬರದಿದ್ದರೆ ಕೊನೆಗೆ ಬಂದ ಅಂಕಿಯನ್ನೇ ತೋರಿಸು. ಇದು ನಮ್ಮ ಕೆಲಸದಲ್ಲಿ ಎಲ್ಲರೂ ಮಾಡುವುದೇ. ಆದರೆ ಹಾಗೆ ಮಾಡುವಾಗ ಹಳೆಯ ಅಂಕಿ ಎಂದು ಗುರುತಿಸಬೇಕು. ನಾನೂ ಮೊದಲು ಬೂದು ಬಣ್ಣ ಕೊಟ್ಟಿದ್ದೆ. ದೂರದಿಂದ ಮಸುಕಾಗಿ ಕಾಣುತ್ತದೆ ಎಂದು ನಾನೇ ತೆಗೆದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಆ ಹಳೆಯ ಅಂಕಿಯನ್ನು ತೋರಿಸುವುದಷ್ಟೇ ಅಲ್ಲ, ಹೊಸ ತಾಸು ಹೊಸ ತಾರೀಖು ಹಾಕಿ ದಾಖಲೆಯಲ್ಲೂ ಉಳಿಸುವಂತೆ ಬರೆದಿದ್ದೆ. ಹಾಗಾದರೆ ಅಂಕಿಯ ಕೆಳಗಿನ ಗ್ರಾಫಿನ ಗೆರೆ ಎಲ್ಲಿಯೂ ಕಡಿಯುವುದಿಲ್ಲ, ನೋಡಲು ಚಂದ. ಎರಡು ದಿನ ಬಿಟ್ಟು ಬಿಸಿಲು ಬಂತು, ಡಬ್ಬಿಗಳು ಎಚ್ಚರಾದವು. ಆರು ಸಾಲು ಹಾಗೇ ಉಳಿದವು.

ಮಳೆ ಚೆನ್ನಾಗಿ ಆಯಿತು. ಬಾವಿಗಳು ತುಂಬಿದವು. ಅಕ್ಟೋಬರಿನ ನಡುವಿಗೆ ಗಣಿಯ ಪಂಪುಗಳು ಶುರುವಾದವು. ಒಂದು, ಎರಡು, ಮೂರನೇ ಬಾವಿಗಳ ಗೆರೆ ದಿನಕ್ಕಿಷ್ಟು ಇಳಿಯಿತು. ಐದನೆಯದು 3.90ರಿಂದ 4.16ಕ್ಕೆ ಬಂದು ನಿಂತುಬಿಟ್ಟಿತು.

ನವೆಂಬರಿನ ಮೊದಲ ವಾರ ಪಂಚಾಯಿತಿಯಲ್ಲಿ ಸಭೆ. ಸಾಹೇಬರು ಬಂದರು, ಗಣಿಯ ಅಧಿಕಾರಿ ಬಂದರು, ಕೋಣೆ ತುಂಬಿ ಜನ ಬಾಗಿಲಲ್ಲಿ ನಿಂತರು. ನಾನು ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡು ಟಿವಿಯ ಪಕ್ಕ ನಿಂತಿದ್ದೆ. ಇಳಿದ ಬಾವಿಗಳ ಓಣಿಗಳಿಗೆ ಪೈಪು ಎಂದು ಒಂದೊಂದಾಗಿ ಬರೆಯಿಸಿಕೊಂಡರು. ಐದನೆಯದು ಬಂದಾಗ ಕಾಕಿ ಹಗ್ಗದ ಸಿಂಬಿಯನ್ನು ಹೆಗಲಿಗೆ ಹಾಕಿಕೊಂಡೇ ಎದ್ದಳು.

"ಸಾಹೇಬ್ರ, ನಂದು ಹದಿನೇಳು ಗಂಟಿಗೆ ಹೋಗ್ಯಾದ. ದಸರಾಕ್ಕ ಒಂಬತ್ತಿತ್ತು."

"ಗಂಟು ಅಂದರೆ?"

"ಹಗ್ಗದ ಗಂಟ್ರೀ."

ಬಾಗಿಲ ಕಡೆಯಿಂದ ಯಾರೋ "ಕಾಕಿ, ಗಂಟು ಬಿಚ್ಚಿ ಮತ್ತ ಎಣಸು" ಎಂದರು. ಜನ ನಕ್ಕರು. ಸಾಹೇಬರು ನಗಲಿಲ್ಲ. ಟಿವಿಯ ಕಡೆ ತಿರುಗಿದರು. ಐದನೇ ಚೌಕದಲ್ಲಿ 4.16, ಅದರ ಕೆಳಗೆ ಪರಸಿ ಹಾಸಿದಂತೆ ಸಮನಾದ ಗೆರೆ.

"ಮೇಡಂ, ಇದು ಸರಿ ಇದೆಯಲ್ಲ?"

ಆ ಗೆರೆಯನ್ನು ನಾನು ಅಷ್ಟು ಹತ್ತಿರದಿಂದ ಆಗಲೇ ನೋಡಿದ್ದು. ಹನ್ನೆರಡು ದಿನ, ಅರ್ಧ ತಾಸಿಗೊಂದರಂತೆ, ಎಲ್ಲವೂ 4.16. ಒತ್ತಡದ ಸೆನ್ಸರ್ ಬಲ್ಲವರಿಗೆ ಗೊತ್ತು, ನೀರು ಅಲುಗದೆ ನಿಂತಿದ್ದರೂ ಕೊನೆಯ ಅಂಕಿ ಒಂದೆರಡು ಹಿಂದೆ ಮುಂದೆ ಆಗಲೇಬೇಕು. ಕಾಕಿ ದಿನಾ ನೀರು ಸೇದುವ ಬಾವಿ ಅದು. ಇದು ಹಳೆಯ ಅಂಕಿಯೇ ಇರಬೇಕು ಎಂಬ ಅನುಮಾನ ಬಂತು. ಗೊತ್ತಿಲ್ಲ ಸರ್, ನೋಡಿ ಹೇಳ್ತೀನಿ ಎನ್ನುವುದಕ್ಕೆ ಒಂದು ಉಸಿರು ಸಾಕಾಗಿತ್ತು. ಆದರೆ ಅಷ್ಟು ಜನರ ಮುಂದೆ ಒಬ್ಬ ಸಾಹೇಬರು ಮೇಡಂ ಎಂದು ಕರೆದು ನನ್ನ ಮಾತಿಗೆ ಕಾಯುತ್ತಿದ್ದರು. ಖಣಿಯವನ ಮಗಳಿಗೆ ಗೊತ್ತಿಲ್ಲ ಎಂಬ ಮಾತು ಬಾಯಿಗೆ ಬರಲಿಲ್ಲ.

"ಸರಿ ಇದೆ ಸರ್."

"ಹಾಗಾದರೆ ಈ ಹಾಳೆಗೆ ಒಂದು ಸಹಿ ಹಾಕಿ."

ಹಾಕಿದೆ. ನನ್ನ ಸಹಿ ಚಂದ ಇದೆ, ಕಾಲೇಜಿನಲ್ಲಿ ಪುಟಗಟ್ಟಲೆ ತಿದ್ದಿ ಕಲಿತದ್ದು. ತಲೆ ಎತ್ತಿದಾಗ ಕಾಕಿ ನನ್ನ ಪೆನ್ನನ್ನೇ ನೋಡುತ್ತಿದ್ದಳು. ಹಗ್ಗ ಸರಿಪಡಿಸಿಕೊಂಡು ಹೊರಗೆ ನಡೆದಳು. ಆಕೆಯ ಓಣಿ ಪಟ್ಟಿಯಿಂದ ಬಿಟ್ಟುಹೋಯಿತು.

ಮರುದಿನ ಪ್ಯಾಸೆಂಜರ್ ರೈಲಿನಲ್ಲಿ ಚಾಚಾನನ್ನು ಕರೆದುಕೊಂಡು ಚಿತ್ತಾಪುರಕ್ಕೆ ಬಂದು, ಅಲ್ಲಿಂದ ಟಂಟಂ ಆಟೋ ಹಿಡಿದೆ. ಬಾವಿಯ ದಾರಿಗೆ ಹೊರಳಿದಾಗ ನನಗೆ ಕಂಬ ಕಾಣಲಿಲ್ಲ. ದಾರಿ ತಪ್ಪಿದೆನೇನೋ ಎಂದುಕೊಂಡೆ. ಎರಡು ಹೊಲಕ್ಕೂ ತೊಗರಿ ಎದ್ದು ನಿಂತಿತ್ತು, ನನ್ನ ತಲೆಗಿಂತ ಮೇಲೆ, ಹಳದಿ ಹೂವು ತುಂಬಿಕೊಂಡು. ನನ್ನ ಗೇಣುದ್ದದ ಆಂಟೆನಾ ಅದರೊಳಗೆ ಮುಳುಗಿಹೋಗಿತ್ತು. ನಾನು ಬಳಸಿದ ರೇಡಿಯೋ ಹಸಿ ಎಲೆಗೆ ಸೋಲುವಂಥದ್ದು. ನೀರು ತುಂಬಿದ ಎಲೆ ಅದರ ಶಕ್ತಿ ಕುಡಿದುಬಿಡುತ್ತದೆ. ಓದುವಾಗ ಪರೀಕ್ಷೆಗೆ ಬರೆದ ಉತ್ತರ ಅದು.

ಚಾಚಾ ಒಂದು ತೊಗರಿ ಗಿಡ ಬಗ್ಗಿಸಿ ಹಿಡಿದರು.

"ಮೇಡಂ, ಬೆಂಗಳೂರಿನಿಂದ ಬಂದವರಾದ್ರ ನಾ ಏನೂ ಅಂತಿರಲಿಲ್ಲ. ನೀವು ಶಹಾಬಾದದವರು. ತೊಗರಿ ಎಷ್ಟೆತ್ತರ ಬೆಳೀತದಂತ ನಿಮಗ ಕಂಪ್ಯೂಟರ್ ಹೇಳಬೇಕೇನ್ರಿ?"

ಅವ್ವ ತೊಗರಿ ಕೊಯ್ಲಿಗೆ ಕೂಲಿ ಹೋದಾಗ ಗಿಡಗಳ ನೆರಳಲ್ಲಿ ನನ್ನನ್ನು ಮಲಗಿಸುತ್ತಿದ್ದಳು.

ಡಬ್ಬಿ ಬಿಚ್ಚಿದೆ. ಡಬ್ಬಿ ಕೆಟ್ಟಿರಲಿಲ್ಲ. ಒಳಗಿನ ಮೆಮರಿ ಕಾರ್ಡಿನಲ್ಲಿ ಅರ್ಧ ತಾಸಿಗೊಮ್ಮೆ ಬರೆದುಕೊಂಡೇ ಇತ್ತು. 4.16ರ ನಂತರ 4.40, 4.83, ಹೀಗೆ ಇಳಿಯುತ್ತ ಇಳಿಯುತ್ತ ಸಭೆಯ ದಿನ ಬೆಳಿಗ್ಗೆ 7.78. ನೋಟುಬುಕ್ಕು ತೆಗೆದು ಹದಿನೇಳನ್ನು ನಲವತ್ತಾರರಿಂದ ಗುಣಿಸಿದೆ. 7.82. ಮೇ ತಿಂಗಳಲ್ಲಿ ಹೇಗೋ ಹಾಗೆಯೇ, ಹಗ್ಗವೂ ಸೆನ್ಸರೂ ಒಂದೇ ಮಾತು ಹೇಳುತ್ತಿದ್ದವು. ನಡುವೆ ಕೈ ಬಿಟ್ಟವಳು ನಾನು. ಬಿಟ್ಟದ್ದು ಗೊತ್ತಾಗದಂತೆ ಮುಚ್ಚಿದವಳೂ ನಾನೇ.

ಅಷ್ಟರಲ್ಲಿ ಕಾಕಿ ತಲೆಯ ಮೇಲೊಂದು ಕಂಕುಳಲ್ಲೊಂದು ಕೊಡ ಹೊತ್ತು ಆ ದಾರಿಯಲ್ಲೇ ಬಂದಳು. ಬಾವಿಯಲ್ಲಿ ಉಳಿದದ್ದು ತೋಟಕ್ಕೇ ಬೇಕೆಂದು ಕುಡಿಯುವ ನೀರನ್ನು ಆಚೆ ಓಣಿಯಿಂದ ತರುತ್ತಿದ್ದಳು.

"ಯಾಕ್ ತಂಗಿ, ನನ್ನ ಬಾವಿ ನೋಡಲಿಕ್ಕ ಬಂದ್ಯೇನು? ತುಂಬಿ ತುಳಕಲಿಕತ್ತದ ನೋಡು. ಆಚಿ ಓಣಿಯವರು ಹೇಳ್ತಾರ, ಟಿವ್ಯಾಗ ನೀರ್ ಅದ, ಅಲ್ಲೇ ತುಂಬ್ಕೊ ಹೋಗು ಅಂತ."

"ಕಾಕಿ, ತಪ್ಪಾಗ್ಯಾದ. ನಿನ್ನ ಹಗ್ಗ ಖರೇ ಹೇಳಿತ್ತು."

"ಅದು ನನಗ ಗೊತ್ತದಲ್ಲ," ಎಂದಳು. "ನನಗ್ಯಾಕ ಹೇಳ್ತಿ? ಸಹಿ ಎಲ್ಲಿ ಹಾಕಿದ್ಯೋ ಅಲ್ಲಿ ಹೇಳು."

ಕೊಡದ ನೀರು ಒಂದು ಹನಿ ಚೆಲ್ಲದಂತೆ ನಡೆದುಹೋದಳು.

ಅಲ್ಲಿಂದಲೇ ಯಜಮಾನರಿಗೆ ಫೋನು ಮಾಡಿದೆ. "ಗದ್ದಲ ಮಾಡಬೇಡಮ್ಮಾ," ಎಂದರು. "ಕಂಬ ಎತ್ತರಿಸು, ಲಿಂಕ್ ಬರಲಿ. ಅಂಕಿ ತಾನಾಗಿ ಇಳಿಯುತ್ತೆ. ಅವರು ಮುಂದಿನ ವರ್ಷದ ಪಟ್ಟಿಯಲ್ಲಿ ಸೇರಿಕೊಳ್ತಾರೆ. ಈಗ ನೀನು ಬಾಯಿ ಬಿಟ್ಟರೆ ಉಳಿದ ಆರು ಬಾವಿಯ ಅಂಕಿಯನ್ನೂ ಯಾರೂ ನಂಬೋದಿಲ್ಲ. ಸಿಕ್ಕ ಓಣಿಗಳಿಗೂ ಪೈಪು ತಪ್ಪಿಸ್ತೀಯಾ?"

ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅದು ಬರೀ ಹೆದರಿಕೆಯ ಮಾತಾಗಿರಲಿಲ್ಲ, ಆಗಬಹುದಾದದ್ದೇ. ಬಾವಿಕಟ್ಟೆಯ ಮೇಲೆ ಕುಳಿತು ಲ್ಯಾಪ್‌ಟಾಪಿನಲ್ಲಿ ಏಳೂ ಬಾವಿಗಳ ದಾಖಲೆ ತೆರೆದೆ. ಡಬ್ಬಿ ನಿಜವಾಗಿ ಕಳಿಸಿದ ಅಂಕಿಗೆ ಒಂದು ಕ್ರಮಸಂಖ್ಯೆ ಇರುತ್ತದೆ, ನನ್ನ ಆರು ಸಾಲು ತುಂಬಿದ ಅಂಕಿಗೆ ಇರುವುದಿಲ್ಲ. ಸಂಖ್ಯೆ ಇಲ್ಲದ್ದನ್ನೆಲ್ಲ ಒಂದೊಂದಾಗಿ ಗುರುತು ಹಾಕಿದೆ. ಉಳಿದ ಬಾವಿಗಳಲ್ಲಿ, ಜೂನಿನ ಆ ಎರಡು ದಿನ ಬಿಟ್ಟರೆ, ಅಲ್ಲೊಂದು ಇಲ್ಲೊಂದು ತಾಸು ಮಾತ್ರ. ಐದನೆಯದರಲ್ಲಿ ಹನ್ನೆರಡು ದಿನ ಪೂರ್ತಿ. ಚಾಚಾ ತೊಗರಿ ಗಿಡದ ನೆರಳಲ್ಲಿ ಬೀಡಿ ಸೇದುತ್ತಿದ್ದರು. "ಏನ್ ಮಾಡೂಣ ಚಾಚಾ?" ಎಂದೆ.

"ಕಂಬದ್ದು ಕೇಳ್ತೀರೋ, ಸಭಾದ್ದು ಕೇಳ್ತೀರೋ?"

"ಎರಡೂ."

"ಕಂಬ ಎತ್ತರ ಮಾಡಿದ್ರ ಗಾಳಿಗಿ ಬಾಗ್ತದ. ಬಂಡಿ ದಾರಿ ಹಿಡ್ಕೊಂಡು ನೆಡೂಣ. ಸುತ್ತ ಆಗ್ತದ, ಡಬ್ಬಿ ಎರಡು ಹೆಚ್ಚ ಬೇಕಾಗ್ತಾವ, ಆದ್ರ ದಾರ್ಯಾಗ ಯಾರೂ ಬಿತ್ತಂಗಿಲ್ಲ. ಸಭಾದ್ದು ನನಗ ಕೇಳಬ್ಯಾಡ್ರಿ. ನಾ ಸಹಿ ಹಾಕಿಲ್ಲ."

ಸಂಜೆಯೊಳಗೆ ಆ ಆರು ಸಾಲನ್ನು ಅಳಿಸಿದೆ. ಅಂಕಿ ಬರದಿದ್ದರೆ ಚೌಕದಲ್ಲಿ "ಮಾಹಿತಿ ಇಲ್ಲ" ಎಂದು ಬರುವಂತೆ ಮಾಡಿದೆ. ನಂತರ ಸಾಹೇಬರಿಗೆ ಫೋನು ಮಾಡಿ, ಸಭೆ ಮತ್ತೊಮ್ಮೆ ಕರೆಯಿರಿ ಎಂದು ಕೇಳಿಕೊಂಡೆ.

ಸಭೆ ಸೇರಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಬಂಡಿ ದಾರಿಯ ಕಂಬಗಳನ್ನು ನೆಟ್ಟು, ಐದನೇ ಬಾವಿಯ ಅಂಕಿ ಆರು ಜಿಗಿತದಲ್ಲಿ ಬರತೊಡಗಿತ್ತು. ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ: ತೊಗರಿ, ಆರು ಸಾಲು, ತೆಗೆದ ಬೂದು ಬಣ್ಣ. ಅನುಮಾನ ಬಂದಿತ್ತು, ಆದರೂ ಸಹಿ ಹಾಕಿದೆ ಎಂಬುದನ್ನೂ. ಗಣಿಯ ಅಧಿಕಾರಿ ಎದ್ದೇಬಿಟ್ಟರು.

"ಹಾಗಾದರೆ ಉಳಿದ ಬಾವಿಗಳದೂ ಇದೇ ಕಥೆ ಅಲ್ಲವೆ? ನಾವು ಯಾವ ಅಂಕಿ ನಂಬಿ ಪೈಪು ಹಾಕಬೇಕು?"

ಬಾಗಿಲ ಕಡೆ ಗುಜುಗುಜು ಎದ್ದಿತು. "ನಮ್ಮ ಪೈಪಿಗೂ ಕಲ್ಲು ಹಾಕಿದಿ ನೋಡವ್ವಾ" ಎಂದು ಯಾರೋ ಕೂಗಿದರು. ಗುರುತು ಹಾಕಿದ ಪಟ್ಟಿಯನ್ನು ಸಾಹೇಬರ ಮುಂದಿಟ್ಟೆ. ಅವರು ಅದನ್ನು ತಿರುವಿ ಹಾಕಿ, ಕನ್ನಡಕ ತೆಗೆದು ಕೇಳಿದರು: "ಆ ಹಗ್ಗದ ಅಮ್ಮ ಎಲ್ಲಿದ್ದಾರ್ರಿ?"

ಅವತ್ತು ಏಳೂ ಬಾವಿಗಳಿಗೆ ಎಲ್ಲರೂ ನಡೆದರು. ಸಾಹೇಬರು, ಅಧಿಕಾರಿ, ಹಿಂದೆ ಅರ್ಧ ಊರು. ಪ್ರತಿ ಬಾವಿಯಲ್ಲೂ ಕಾಕಿ ತನ್ನ ಹಗ್ಗ ಬಿಟ್ಟು ಗಂಟು ಎಣಿಸಿದಳು, ನಾನು ಟಿವಿಯ ಅಂಕಿಯನ್ನು ಮೊಬೈಲಿನಲ್ಲಿ ಓದಿದೆ, ಸಾಹೇಬರು ಗುಣಿಸಿದರು. ಆರೂ ತಾಳೆಯಾದವು. ಕೊನೆಯದು ಐದನೆಯದು. ಹತ್ತೊಂಬತ್ತು ಗಂಟು, 8.74. ಮೊಬೈಲಿನಲ್ಲಿ 8.69. ಬೇಸಿಗೆಯಲ್ಲಿ ಬರಬೇಕಾದ ಮಟ್ಟ ಆಗಲೇ ಹತ್ತಿರ ಬಂದುಬಿಟ್ಟಿತ್ತು. ಗಂಟು ಬಿಚ್ಚಿ ಎಣಿಸು ಎಂದು ನಕ್ಕವರಲ್ಲಿ ಯಾರೋ ಈಗ "ಕಾಕೀನ ಎಂಜಿನಿಯರ್ ಮಾಡ್ರಿ ಸಾಹೇಬ್ರ" ಎಂದರು. ಜನ ಮತ್ತೆ ನಕ್ಕರು. ಕಾಕಿ ನಗಲಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆದರೆ ಅದು ನನ್ನ ಏಳನೇ ಸಾಲಾದೀತು. ಮೊದಲ ಆದೇಶ ಆಗಲೇ ಹೊರಟಿತ್ತು. ಐದನೇ ಓಣಿಗೆ ತಿದ್ದುಪಡಿ ಬೇರೆ ಹೋಗಬೇಕು, ಬೇರೆ ಬರಬೇಕು. ಉಳಿದ ಓಣಿಗಳಿಗೆ ಸಂಕ್ರಾಂತಿಗೆ ಮುಂಚೆ ನಲ್ಲಿ ಬಂದವು. ಕಾಕಿಯ ಓಣಿಗೆ ಬಂದದ್ದು ಶಿವರಾತ್ರಿ ಕಳೆದ ಮೇಲೆ. ಅಷ್ಟು ದಿನ ಆ ಓಣಿಯ ಹೆಂಗಸರು ಬೇರೆಯವರ ನಲ್ಲಿಯ ಮುಂದೆ ಕೊಡ ಇಟ್ಟು ಕೊನೆಯ ಪಾಳಿಗೆ ನಿಂತರು. ಬದನೆ ಗಿಡ ಕಾಯಿ ಹಿಡಿಯುವ ಹೊತ್ತಿಗೆ ಒಣಗಿದವು. ಕಂಪನಿಯಲ್ಲಿ ನನ್ನನ್ನು ತೆಗೆಯಲಿಲ್ಲ, ಯಜಮಾನರು ಒಂದು ತಿಂಗಳು ಮಾತಾಡಲಿಲ್ಲ ಅಷ್ಟೆ. ನನಗೆ ಬಿದ್ದ ಪೆಟ್ಟು ಅಷ್ಟೇ. ಕಾಕಿಗೆ ಬಿದ್ದದ್ದು ಹೆಚ್ಚು.

ಈಗ ಚಿಂಚೋಳಿ ಕಡೆ ಇಂಥದ್ದೇ ಕೆಲಸ ನಡೆದಿದೆ. ಕಂಬ ನೆಡುವ ಮುನ್ನ ಹೊಲದವರನ್ನು ಮೊದಲು ಕೇಳುವುದು ಒಂದೇ: ದೀಪಾವಳಿಗೆ ಇಲ್ಲಿ ಏನು ಬೆಳೆದು ನಿಂತಿರುತ್ತದೆ?

ಈ ಮೇ ತಿಂಗಳು ಐದನೇ ಬಾವಿಯ ಚೌಕದಲ್ಲಿ ಮತ್ತೆ ಅಂಕಿ ಹೋಯಿತು. ಬಂಡಿ ದಾರಿಯ ಒಂದು ಡಬ್ಬಿಯ ವೈರನ್ನು ಇಲಿ ಕಡಿದಿತ್ತು. ಟಿವಿಯಲ್ಲಿ ದೊಡ್ಡದಾಗಿ "ಮಾಹಿತಿ ಇಲ್ಲ". ಬಂದು ಹೋಗುವವರೆಲ್ಲ ನೋಡಿದರು, ಯಾರೂ ನಗಲಿಲ್ಲ. ಚಾಚಾ ವೈರು ಜೋಡಿಸುತ್ತ ಕುಳಿತಾಗ ನಾನು ಬಾವಿಗೆ ನಡೆದೆ. ಕಾಕಿ ಕಟ್ಟೆಯ ಮೇಲೆ ಕುಳಿತಿದ್ದಳು. ಕುಂದ್ರು ಎನ್ನಲಿಲ್ಲ. ಹಗ್ಗದ ಸಿಂಬಿಯನ್ನು ನನ್ನ ಕಡೆ ನೂಕಿದಳು.

"ಇವತ್ತಾರ ಕೆಲಸ ಇಲ್ಲೇನು?"

"ಇದೇ ಕೆಲಸ ಕಾಕಿ."

ಕೊಡ ಬಿಟ್ಟೆ. ಗಂಟು ಒಂದೊಂದಾಗಿ ಅಂಗೈ ಉಜ್ಜಿಕೊಂಡು ಇಳಿದವು. ಬಾಯಲ್ಲಿ ಎಣಿಸಿದೆ, ತಪ್ಪಬಾರದೆಂದು ಜೋರಾಗಿಯೇ. ಇಪ್ಪತ್ತೊಂದನೆಯದು ಕೈಗೆ ಬಂದಾಗ ಹಗ್ಗ ಸಡಿಲಾಯಿತು. ಹೋದ ವರ್ಷಕ್ಕಿಂತ ಒಂದು ಗಂಟು ಕೆಳಗೆ.

"ಎಷ್ಟಾತು?"

"ಇಪ್ಪತ್ತೊಂದು."

"ಬರ್ಕೊ," ಎಂದಳು ಕಾಕಿ. ನಾನು ನೋಟುಬುಕ್ಕು ತೆಗೆದು ಬರೆದು ಮುಚ್ಚಹೋದೆ. ಆಕೆ ಪುಟದ ಮೇಲೆ ಬೆರಳಿಟ್ಟಳು.

"ಕೆಳಗ ಸಹಿ ಹಾಕು."